ಮುದ್ದುಕೃಷ್ಣನ ಚೀಟಿ ಬಂದ ದಿನ

ಅಷ್ಟಮಿಗೆ ಎರಡು ವಾರ ಇರುವಾಗ, ಕುಟುಂಬಗಳಿಗೆ ಸಲಹೆ ಕೊಡುವ ಕೆಲಸದ ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. ಮಂಗಳೂರು, ಉಡುಪಿಯ ಎಷ್ಟೋ ಶಾಲೆಗಳಲ್ಲಿ ಆಗ ಮುದ್ದುಕೃಷ್ಣ ವೇಷದ ಸ್ಪರ್ಧೆ. ಪುಟ್ಟ ಮಕ್ಕಳ ಡೈರಿಯಲ್ಲಿ ಒಂದು ಚೀಟಿ ಬರುತ್ತದೆ: ಪಂಚೆ, ನವಿಲುಗರಿ, ಕೊಳಲು. ಆ ಚೀಟಿ ಕ್ರೈಸ್ತರ ಮನೆ ಸೇರಿದರೆ ಕೆಲವು ಕಡೆ ಅಮ್ಮ ಕೊಳಲು ಹುಡುಕಲು ಪೇಟೆಗೆ ಹೊರಡುತ್ತಾರೆ, ಕೆಲವು ಕಡೆ ಚೀಟಿ ಕಸದಬುಟ್ಟಿಗೆ ಹೋಗುತ್ತದೆ. ಎರಡಕ್ಕೂ ನನ್ನ ತಕರಾರಿಲ್ಲ. ಎರಡೂ ಒಂದೇ ಮನೆಯಲ್ಲಿ, ಒಂದೇ ಸಂಜೆ ನಡೆದರೆ ಮಾತ್ರ ಅವರು ನನ್ನ ಹತ್ತಿರ ಬರುತ್ತಾರೆ.

ಹಾಗೆ ಬಂದ ಒಂದು ಜೋಡಿಯ ಕತೆಯನ್ನು ಗುರುತು ಸಿಗದಂತೆ ಬದಲಿಸಿ ಹೇಳುತ್ತೇನೆ. ಹೆಂಡತಿ ಕೊಂಕಣಿ ಮಾತಾಡುವ ಕಥೊಲಿಕ್ ಮನೆಯವರು. ಗಂಡ ಕೆಲವು ವರ್ಷಗಳಿಂದ ಪೇಟೆಯ ಒಂದು ಪ್ರಾರ್ಥನಾ ಸಭೆಗೆ ಹೋಗುತ್ತಿರುವವರು. ಮಗ ಯುಕೆಜಿ. ಹೆಂಡತಿ ಹೇಳಿದರು, "ವೇಷ ಅಷ್ಟೇ ಅಲ್ವಾ ಮೇಡಂ, ಹೋದ ವರ್ಷ ಇವನು ತರಕಾರಿ ಸ್ಪರ್ಧೆಯಲ್ಲಿ ಬದನೆಕಾಯಿ ಆಗಿದ್ದ." ಗಂಡ ಸಿಟ್ಟಾಗದೆ ಹೇಳಿದರು, "ಬದನೆಕಾಯಿಗೆ ಯಾರೂ ಕೈಮುಗಿಯುವುದಿಲ್ಲ. ಇವನನ್ನು ತೊಟ್ಟಿಲಲ್ಲಿ ಕೂರಿಸಿ ಆರತಿ ಎತ್ತಿದರೆ ನಾನೇನು ಮಾಡಲಿ?" ಹುಡುಗ ಮೂಲೆಯಲ್ಲಿ ನನ್ನ ಆಟದ ಜೀಪು ಓಡಿಸುತ್ತಿದ್ದ. ಆರತಿ ಎಂಬ ಮಾತು ಬಂದಾಗ ಜೀಪು ನಿಂತಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇಂಥವರಿಗೆ "ಸಣ್ಣ ವಿಷಯ, ಬಿಟ್ಟುಬಿಡಿ" ಎಂದು ಹೇಳಿ ಕಳಿಸುತ್ತಿದ್ದೆ. ತಪ್ಪು ಮಾಡಿದೆ. ನಂಬಿಕೆ ಇರುವವರಿಗೆ ಅದು ಸಣ್ಣದಲ್ಲ. ಹಾಗೆ ಅನ್ನಿಸಿಕೊಂಡವರು ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ, ಜಗಳವನ್ನು ಮನೆಗೆ ಹೊತ್ತುಕೊಂಡು ಹೋದರು. ಈಗ ನಾನು ಗಂಡ ಹೆಂಡತಿ ಇಬ್ಬರಿಗೂ ಕೇಳುವುದು ಒಂದೇ: ಆ ದಿನ ನಿಮ್ಮ ಮಗು ಅಲ್ಲಿ ಏನು ಮಾಡಬೇಕಾಗುತ್ತದೆ?

ಹೀಗೆ ಕೇಳಿದರೆ ಹೆಚ್ಚಿನವರು ಹಬ್ಬದ ಮೂಲಕ್ಕೆ ಹಾರುತ್ತಾರೆ. ಇದು ಎಲ್ಲಿಂದ ಬಂತು, ಬೈಬಲಿನಲ್ಲಿ ಉಂಟಾ, ಮೊದಲು ಯಾರು ಆಚರಿಸಿದರು. ಆ ದಾರಿ ಹಿಡಿದವರು ಎಲ್ಲಿಗೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಈ ಗಂಡನಿಗೇ ಡಿಸೆಂಬರಿನಲ್ಲಿ ಮನೆ ಮುಂದೆ ನಕ್ಷತ್ರ ತೂಗಿಸುವುದೂ ಇಷ್ಟವಿರಲಿಲ್ಲ, ಬೈಬಲಿನಲ್ಲಿ ತಾರೀಕು ಇಲ್ಲ ಎಂದು. ಮಾತು ನಿಜ. ಡಿಸೆಂಬರ್ 25 ಕ್ರಿಸ್ತಜನನದ ದಿನವೆಂದು ತೋರಿಸುವ ಹಳೆಯ ದಾಖಲೆ ರೋಮಿನದು, ಅದೂ 336ರ ಸುಮಾರಿನದು. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರು, ಅಂದರೆ ಕಟ್ಟಾ ಪ್ರೊಟೆಸ್ಟಂಟರು, ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡವೆಂದು ಕಾನೂನನ್ನೇ ತಂದರು, ಅದು ರದ್ದಾಗಲು 1681 ಬರಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ಸಿಗೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ. ಅಂದರೆ ಈ ಗಂಡ ಒಬ್ಬಂಟಿಯಲ್ಲ. ಅವರನ್ನು ಹುಚ್ಚರೆಂದು ಕರೆಯುವ ನೆಂಟರು ಈ ಚರಿತ್ರೆಯನ್ನು ಓದಿದರೆ ಒಳ್ಳೆಯದು.

ಆದರೆ ಮೂಲವನ್ನೇ ಹಿಡಿದು ಹೊರಟರೆ ನಮ್ಮ ಕಥೊಲಿಕರ ತೆನೆ ಹಬ್ಬ ಮೊಂತಿ ಫೆಸ್ತ್‌ಗೆ ಏನು ಮಾಡುತ್ತೀರಿ? ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಭತ್ತದ ತೆನೆ ಆಶೀರ್ವದಿಸಿ ಮನೆಗೊಂದು ಕೊಡುತ್ತಾರೆ. ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಮಂದಿ ಒಟ್ಟಿಗೆ ಉಣ್ಣುತ್ತಾರೆ. ಮೀನಿಲ್ಲದೆ ಅನ್ನ ಇಳಿಯದ ಮನೆಗಳಲ್ಲಿ ಆ ದಿನ ತರಕಾರಿ ಪದಾರ್ಥ ಮಾತ್ರ, ಅವುಗಳ ಲೆಕ್ಕವೂ ಬೆಸ ಸಂಖ್ಯೆಯಲ್ಲಿರಬೇಕು. ಪಕ್ಕದ ತುಳುವರ ಮನೆಯ ಪುದ್ವಾರ್, ಅಂದರೆ ಹೊಸ ಅಕ್ಕಿ ಊಟ, ಇದಕ್ಕೆ ಅಕ್ಕತಂಗಿಯಂತೆ ಕಾಣುತ್ತದೆ. ಇಲ್ಲಿನ ಕಥೊಲಿಕರ ಹಿರಿಯರು ಗೋವಾದಿಂದ ಬಂದವರು. ಅದೇ ಗೋವಾದಲ್ಲಿ 1736ರಲ್ಲಿ ಇನ್‌ಕ್ವಿಸಿಷನ್, ಅಂದರೆ ಪೋರ್ಚುಗೀಸರ ಕಾಲದ ಕ್ರೈಸ್ತ ಧರ್ಮವಿಚಾರಣೆಯ ನ್ಯಾಯಾಲಯ, ಹೊರಡಿಸಿದ ಆಜ್ಞೆಯಲ್ಲಿ ಮನೆಯಲ್ಲಿ ತುಳಸಿ ನೆಡಬಾರದು, ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಮಾಡಬಾರದು ಎಂಬುದೂ ಸೇರಿತ್ತು. ಮೂಲ ಹುಡುಕುತ್ತಾ ಹೋದವರು ಕೊನೆಗೆ ಪಕ್ಕದವರ ಅನ್ನದ ಉಪ್ಪು ನೋಡಬೇಕಾಯಿತು.

ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳು ಇದೇ ಗೊಂದಲಕ್ಕೆ ಬರೆದವು. ಗುಡಿಯಲ್ಲಿ ಅರ್ಪಿಸಿದ ಮಾಂಸ ಆ ಊರಿನ ಸಂತೆಗೂ ಬರುತ್ತಿತ್ತು. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಿಸದೆ ಉಣ್ಣಿ, ಇದು ಅರ್ಪಿಸಿದ್ದು ಎಂದು ಒಬ್ಬರು ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ಬಿಡಿ, ಆದರೆ ಗುಡಿಯ ಪೂಜೆಯ ಪಂಕ್ತಿಯಲ್ಲಿ ಕೂರಬೇಡಿ. ಮಾಂಸ ಎಲ್ಲಿಂದ ಬಂತು ಎಂಬುದಕ್ಕಿಂತ ನಾನು ಎಲ್ಲಿ ಕೂತಿದ್ದೇನೆ, ಏನು ಮಾಡುತ್ತಿದ್ದೇನೆ ಎಂಬುದನ್ನು ಅವನು ನೋಡಿದ. ಇದನ್ನು ಓದಿದ ಮೇಲೆ ಪ್ರಸಾದ ತಿನ್ನುವ ಮನೆಗಳೂ ಉಂಟು, ತಿನ್ನದ ಮನೆಗಳೂ ಉಂಟು. ಅದು ಅವರವರ ಸಭೆ, ಪಾದ್ರಿಗಳ ಹತ್ತಿರ ಮಾತಾಡಿಕೊಳ್ಳುವ ಸಂಗತಿ; ನನಗೆ ಆ ಅಧಿಕಾರವಿಲ್ಲ.

ನನ್ನ ಕೆಲಸ ಇಷ್ಟೇ, ಆ ಕಣ್ಣಿನಿಂದ ಊರಿನ ಹಬ್ಬಗಳನ್ನು ನೋಡಿಸುವುದು. ದಸರೆಗೆ ಹುಲಿವೇಷದವರ ತಾಸೆ ವಾದ್ಯದ ಸದ್ದು ಕೇಳಿದ ಕೂಡಲೇ ಮಕ್ಕಳು ಗೇಟಿಗೆ ಓಡುತ್ತಾರೆ. ಹುಲಿ ಕುಣಿತ ನೋಡುವುದು ಒಂದು. ತಂಡ ಸೇರಿ ಬಣ್ಣ ಬಳಿಸಿಕೊಳ್ಳುವುದು ಬೇರೆ, ಯಾಕೆಂದರೆ ಅಲ್ಲಿ ವೇಷಕ್ಕೆ ಮೊದಲು ಧೂಪ ಹಾಕಿ ಮಾಡುವ ಊದು ಪೂಜೆ ಇರುತ್ತದೆ, ಎಷ್ಟೋ ಮಂದಿಗೆ ಅದು ದೇವಿಗೆ ಹೊತ್ತ ಹರಕೆ. ಕಾಲೇಜಿಗೆ ಹೋಗುವ ಮಗ ಸೇರುತ್ತೇನೆ ಎಂದರೆ ಅಪ್ಪ ಅಮ್ಮ ಅದನ್ನು ತಿಳಿದು ಮಾತಾಡಬೇಕು. ಬರೀ ಕುಣಿತ ಅಂದುಕೊಂಡರೆ ಹರಕೆ ಹೊತ್ತವನಿಗೂ ಅವಮಾನ.

ಅಕ್ಟೋಬರ್ 31ರ ರಾತ್ರಿ ವೇಷ ಹಾಕಿ ಆಚರಿಸುವ ಹ್ಯಾಲೋವೀನ್ ಈಗ ಅಪಾರ್ಟ್‌ಮೆಂಟುಗಳಿಗೆ ಬಂದಿದೆ. ಹೆಸರಿನಲ್ಲೇ ಸಕಲ ಸಂತರ ಹಬ್ಬದ ಹಿಂದಿನ ರಾತ್ರಿ ಎಂಬ ಅರ್ಥ ಇದ್ದರೂ ಬೇಡವೆನ್ನುವ ಕ್ರೈಸ್ತರೇ ಹೆಚ್ಚು. ಬೇಡವೆನ್ನಿ, ಆದರೆ ಮಗುವಿಗೆ "ಅದು ಭೂತದ ಹಬ್ಬ" ಎಂದು ವಿವರಿಸಬೇಡಿ. ತುಳುನಾಡಿನಲ್ಲಿ ಭೂತವೆಂದರೆ ಪಕ್ಕದ ಮನೆಯವರು ನಂಬುವ ದೈವ. ಹಾಗೆ ಕೇಳಿದ ಒಂದು ಮಗು ನೆರೆಮನೆಯ ಅಜ್ಜಿಗೆ "ನಿಮ್ಮ ಭೂತ ಕೆಟ್ಟದ್ದಂತೆ" ಎಂದು ಹೇಳಿ ಬಂದಿತ್ತು. ಆ ಮನೆಯಿಂದ ಪ್ರತಿ ವರ್ಷ ಬರುತ್ತಿದ್ದ ಅರಿಶಿನ ಎಲೆಯ ಕಡುಬು ಆ ನಾಗರಪಂಚಮಿಗೆ ಬರಲಿಲ್ಲ. ಇನ್ನೊಂದು ಮನೆಯವರು ಆ ಪಾರ್ಟಿ ಬಿಟ್ಟು, ಎರಡು ದಿನ ಕಳೆದು, ಕಥೊಲಿಕರು ತೀರಿಕೊಂಡವರನ್ನು ನೆನೆಯುವ ನವೆಂಬರ್ 2ರಂದು ಮಕ್ಕಳ ಕೈಯಲ್ಲಿ ಮೇಣದಬತ್ತಿ ಕೊಟ್ಟು ಅಜ್ಜನ ಸಮಾಧಿಗೆ ಕರೆದುಕೊಂಡು ಹೋದರು. ಬತ್ತಿ ಹಚ್ಚಲು ಮಕ್ಕಳಲ್ಲೇ ಪೈಪೋಟಿ ಎದ್ದಿತಂತೆ.

ಶಾಲೆಗೆ ಹೇಳಲು ಹೆದರುವವರಿಗೆ ಒಂದು ಮಾತು. ಸಂವಿಧಾನದ 28ನೇ ವಿಧಿಯ 3ನೇ ಉಪವಿಧಿ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಕಾನ್ವೆಂಟ್ ಶಾಲೆಗೆ ಹೋಗುವ ಹಿಂದೂ ಮಗುವಿಗೂ ಇದೇ ಮಾತು, ನಮ್ಮವರಿಗೆ ಅದನ್ನೂ ನೆನಪಿಸುತ್ತೇನೆ. ಆದರೆ ವಿಧಿ ಹಿಡಿದುಕೊಂಡು ಶಾಲೆಯ ಗೇಟಿಗೆ ಹೋಗುವ ಅಗತ್ಯ ಬಿದ್ದದ್ದು ಅಪರೂಪ. ತಿಂಗಳ ಮೊದಲೇ ಟೀಚರಿಗೆ ಎರಡು ಸಾಲು ಬರೆದರೆ ಸಾಕು: ನಮ್ಮ ಮಗು ವೇಷ ಹಾಕುವುದಿಲ್ಲ, ಬೇರೆ ಏನಾದರೂ ಕೆಲಸ ಕೊಡಿ. ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಹೇಳಿದರೆ ಟೀಚರಿಗೂ ಸಿಟ್ಟು ಬರುತ್ತದೆ, ಮಗು ಎಲ್ಲರೆದುರು ಒಂಟಿಯಾಗುತ್ತದೆ. ಮಗುವಿನ ಬಾಯಿಗೂ ಒಂದು ಮಾತು ಕೊಡಬೇಕು. ಐದು ವರ್ಷದ ಮಗುವಿಗೆ ವಿಗ್ರಹಾರಾಧನೆಯ ಪಾಠ ಅರ್ಥವಾಗುವುದಿಲ್ಲ. "ನಮ್ಮ ಮನೆಯಲ್ಲಿ ಹಾಕುವುದಿಲ್ಲ, ನಿನ್ನದು ಚೆಂದ ಉಂಟು" ಎಂದು ಗೆಳೆಯನಿಗೆ ಹೇಳಲು ಬರುತ್ತದೆ.

ಆ ಜೋಡಿ ಮೂರು ಸಲ ಬಂದರು. ಕ್ಯಾಲೆಂಡರ್ ಮುಂದಿಟ್ಟು ಒಂದೊಂದೇ ದಿನಕ್ಕೆ ಮಾತಾಡಿದರು. ಕೃಷ್ಣ ವೇಷ ಬೇಡ ಎಂಬುದಕ್ಕೆ ಹೆಂಡತಿ ಒಪ್ಪಿದರು, ಕಣ್ಣಲ್ಲಿ ನೀರಿತ್ತು, ಕೊಳಲು ಅಷ್ಟು ಚೆಂದ ಇತ್ತಂತೆ. ನಕ್ಷತ್ರಕ್ಕೆ ಗಂಡ ಒಪ್ಪಿದರು. ದೀಪಾವಳಿಗೆ ಪಕ್ಕದ ಮನೆಯಿಂದ ಬರುವ ತಟ್ಟೆ ತೆಗೆದುಕೊಳ್ಳುವುದು, ಕ್ರಿಸ್ಮಸ್ಸಿಗೆ ಅದೇ ತಟ್ಟೆಯಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಕಳಿಸುವುದು ಎಂದಾಯಿತು. ಅಷ್ಟಮಿಯ ದಿನ ಹುಡುಗ ಶಾಲೆಗೆ ಹೋಗಿ ಕೃಷ್ಣರಿಗೆಲ್ಲ ನಂಬರಿನ ಚೀಟಿ ಅಂಟಿಸಿದ. ಏಳನೇ ನಂಬರು ಅಳುತ್ತಿತ್ತು, ಅದಕ್ಕೆ ನೀರು ಕೊಟ್ಟೆ ಎಂದು ಬಂದು ಹೇಳಿದ.

ಈ ಜೂನಿನಲ್ಲಿ ಆ ತಾಯಿ ಹೊಸ ಕ್ಯಾಲೆಂಡರ್ ಹಿಡಿದುಕೊಂಡು ಬಂದಿದ್ದರು. ಫೆಬ್ರವರಿ 14ರ ಮೇಲೆ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ. ಮಗನಿಗೆ ಈಗ ಆರು ವರ್ಷ. ಅದಕ್ಕೆ ಇನ್ನೂ ಸಮಯ ಉಂಟು ಎಂದೆ.