ನಾನ್-ಲೀಗ್ ಅಂದರೆ ಲೀಗ್ ಇಲ್ಲದ್ದು ಅಂತಲ್ಲ

ಪ್ರತಿ ಜನವರಿಯಲ್ಲೂ ಇದೇ ಕತೆ. ಇಂಗ್ಲೆಂಡಿನ ದೊಡ್ಡ ಸಣ್ಣ ಫುಟ್‌ಬಾಲ್ ಕ್ಲಬ್ಬುಗಳು ಸೇರಿ ಆಡುವ ಎಫ್‌ಎ ಕಪ್ ಮೂರನೇ ಸುತ್ತಿಗೆ ಬರುತ್ತದೆ. ಅಲ್ಲಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗಿನ ಯಾವುದೋ ದೊಡ್ಡ ತಂಡಕ್ಕೆ ಸಣ್ಣ ಊರಿನ ತಂಡವೊಂದು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಅಂಥ ತಂಡವನ್ನು ‘ನಾನ್-ಲೀಗ್’ ಅನ್ನುತ್ತಾರೆ. ತಕ್ಷಣ ಕನ್ನಡದ ಪೋಸ್ಟುಗಳಲ್ಲಿ ‘ಲೀಗ್ ಆಡದ ತಂಡ’ ಅಂತ ಬರುತ್ತದೆ. ಕೆಲವರು ‘ಹವ್ಯಾಸಿ ತಂಡ’ ಅನ್ನುತ್ತಾರೆ. ಈಚೆಗೆ ಒಂದು ವಿಡಿಯೋದಲ್ಲಿ ‘ಯಾವ ಲೀಗೂ ಸೇರಿಸಿಕೊಳ್ಳದ ತಂಡಗಳು’ ಅಂತಲೇ ಹೇಳಿಬಿಟ್ಟರು. ಅದೇ ವಿಡಿಯೋದ ಕೊನೆಯಲ್ಲಿ ಖಾಲಿ ಸ್ಟೇಡಿಯಂ ಒಂದರ ಗೈಡೆಡ್ ಟೂರ್ ತೋರಿಸಿ ‘ಇದೇ ಗ್ರೌಂಡ್‌ಹಾಪಿಂಗ್’ ಅಂದರು. ನಾನ್-ಲೀಗ್, ಗ್ರೌಂಡ್‌ಹಾಪಿಂಗ್: ಎರಡು ಪದ, ಎರಡಕ್ಕೂ ತಪ್ಪು ಅರ್ಥ. ಇನ್ನು ಸುಮ್ನೆ ಇರೋದು ಸರಿಯಲ್ಲ ಅನ್ನಿಸಿತು.

ನಾನ್-ಲೀಗ್ ತಂಡಗಳು ಲೀಗ್ ಆಡುತ್ತವೆ. ಆಗಸ್ಟಿನಿಂದ ಏಪ್ರಿಲ್‌ವರೆಗೆ, ಮಳೆ ಚಳಿ ಅನ್ನದೆ, ವಾರವಾರ ಆಡುತ್ತವೆ. ಪಾಯಿಂಟ್ ಪಟ್ಟಿ ಇದೆ. ಗೆದ್ದವರು ಮೇಲಿನ ಹಂತಕ್ಕೆ ಹೋಗುತ್ತಾರೆ, ಸೋತವರು ಕೆಳಗಿನ ಹಂತಕ್ಕೆ ಇಳಿಯುತ್ತಾರೆ. ನ್ಯಾಷನಲ್ ಲೀಗ್, ಸದರ್ನ್ ಲೀಗ್, ಇಸ್ತ್ಮಿಯನ್ ಲೀಗ್, ನಾರ್ದರ್ನ್ ಪ್ರೀಮಿಯರ್ ಲೀಗ್. ಹೆಸರಲ್ಲೇ ಲೀಗ್ ಇದೆಯಲ್ವಾ!

ಗೊಂದಲ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ಕ್ರೀಡಾ ಪುಟಗಳಲ್ಲಿ ‘ಲೀಗ್’ ಅಂದರೆ ನಾಕೌಟ್ ಅಲ್ಲದ್ದು. ‘ಲೀಗ್ ಹಂತದಲ್ಲೇ ಹೊರಬಿದ್ದ ತಂಡ’ ಅಂತ ಓದಿ ಬೆಳೆದವರು ನಾವು. ಐಪಿಎಲ್ ಬಂದ ಮೇಲೆ ‘ಲೀಗ್’ ಅಂದರೆ ಹರಾಜು, ಮಾಲೀಕರು, ಜೆರ್ಸಿ ಇರುವ ಟೂರ್ನಿ ಅಂತಲೂ ಆಯಿತು. ಎರಡೂ ಅರ್ಥದಲ್ಲಿ ಲೀಗ್ ಅನ್ನುವುದು ಆಟ ನಡೆಸುವ ಒಂದು ರೀತಿ. ಹಾಗಾಗಿ ‘ನಾನ್-ಲೀಗ್’ ಅಂದ ಕೂಡಲೇ ‘ಆ ರೀತಿ ಆಡದವರು’ ಅಂತ ಕಿವಿಗೆ ಬೀಳುತ್ತದೆ. ಅದರ ಮೇಲೆ, ನಮಗೆ ಈ ಪದ ಸಿಗುವುದು ಹೆಚ್ಚಾಗಿ ಎಫ್‌ಎ ಕಪ್ಪಿನ ಸುದ್ದಿಯಲ್ಲಿ. ಎಫ್‌ಎ ಕಪ್ ನಾಕೌಟ್ ಟೂರ್ನಿ. ತಪ್ಪು ಅರ್ಥ ಇನ್ನೂ ಗಟ್ಟಿಯಾಗಲು ಅಷ್ಟು ಸಾಕು.

ಆದರೆ ನಾನ್-ಲೀಗ್‌ನಲ್ಲಿರುವ ‘ಲೀಗ್’ ಒಂದು ಸಂಸ್ಥೆಯ ಹೆಸರು. ಆ ಸಂಸ್ಥೆ ಹುಟ್ಟಿದ ಬಗೆ ತಿಳಿದರೆ ಪದ ತಾನಾಗಿ ಬಿಡಿಸಿಕೊಳ್ಳುತ್ತದೆ.

1885ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ಆಟಗಾರರಿಗೆ ಸಂಬಳ ಕೊಡಬಹುದು ಅಂತ ಒಪ್ಪಿಕೊಂಡಿತು. ಸಂಬಳ ಕೊಡಬೇಕಾದರೆ ಗೇಟಿನಲ್ಲಿ ದುಡ್ಡು ಬರಬೇಕು. ಆಗ ಇದ್ದದ್ದು ಕಪ್ ಪಂದ್ಯ ಮತ್ತು ಸ್ನೇಹ ಪಂದ್ಯ ಮಾತ್ರ. ಕಪ್ಪಿನಲ್ಲಿ ಬೇಗ ಸೋತರೆ ಆ ವರ್ಷದ ಮುಖ್ಯ ಆಟ ಅಲ್ಲಿಗೇ ಮುಗಿಯಿತು. ಸ್ನೇಹ ಪಂದ್ಯಕ್ಕೆ ಬರುತ್ತೇವೆ ಅಂದ ತಂಡ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಕೇಳುವವರಿಲ್ಲ. ಇದಕ್ಕೆ ದಾರಿ ಹುಡುಕಿದವರು ಆಸ್ಟನ್ ವಿಲ್ಲಾದ ವಿಲಿಯಂ ಮೆಕ್‌ಗ್ರೆಗರ್. 1888ರ ಮಾರ್ಚ್ 2ರಂದು ಕೆಲವು ಕ್ಲಬ್ಬುಗಳಿಗೆ ಕಾಗದ ಬರೆದರು: ಹತ್ತು ಹನ್ನೆರಡು ಮುಖ್ಯ ಕ್ಲಬ್ಬುಗಳು ಸೇರಿ, ವರ್ಷ ವರ್ಷ ತಮ್ಮ ಊರಲ್ಲೊಂದು ಎದುರಾಳಿಯ ಊರಲ್ಲೊಂದು ಪಂದ್ಯ ಆಡುವ ಒಪ್ಪಂದ ಮಾಡಿಕೊಳ್ಳೋಣ. ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ಹೋಟೆಲೊಂದರಲ್ಲಿ ಕೂಟ ಗಟ್ಟಿಯಾಯಿತು. ಹೆಸರು ‘ಫುಟ್‌ಬಾಲ್ ಲೀಗ್’. ಹಿಂದೆ ಮುಂದೆ ಬೇರೆ ಯಾವ ಗುರುತೂ ಇಲ್ಲ. ಇಂಗ್ಲಿಷ್ ಲೀಗ್ ಅಂತಲೂ ಇಲ್ಲ. ಬೇರೆ ಲೀಗ್ ಇರಲಿಲ್ಲ, ಹಾಗಾಗಿ ಗುರುತು ಬೇಕಾಗಲೂ ಇಲ್ಲ.

ಲೀಗ್ ಅನ್ನುವ ಮಾತಿನ ಬೇರೂ ಇಲ್ಲಿಗೆ ಸರಿಯಾಗಿ ಕೂರುತ್ತದೆ. ಲ್ಯಾಟಿನ್ನಿನ ‘ಲಿಗಾರೆ’, ಅಂದರೆ ಕಟ್ಟುವುದು. ಒಪ್ಪಂದದಿಂದ ಕಟ್ಟಿಕೊಂಡ ಗುಂಪೇ ಲೀಗ್. ಪಾಯಿಂಟ್ ಪಟ್ಟಿ ಆ ಗುಂಪು ಆಟ ನಡೆಸಿದ ರೀತಿ, ಅಷ್ಟೇ. ನಾವು ರೀತಿಯನ್ನು ಹಿಡಿದುಕೊಂಡು ಗುಂಪನ್ನು ಮರೆತೆವು.

ಮೊದಲ ವರ್ಷ ಹನ್ನೆರಡು ಕ್ಲಬ್ಬುಗಳಿದ್ದವು. ಆರು ಲ್ಯಾಂಕಶೈರಿನವು, ಆರು ಮಿಡ್‌ಲ್ಯಾಂಡ್ಸಿನವು. ಲಂಡನ್ನಿನ ಒಂದೂ ಇಲ್ಲ. ಮರುವರ್ಷವೇ, 1889ರಲ್ಲಿ, ನಾರ್ದರ್ನ್ ಲೀಗ್ ಶುರುವಾಯಿತು. 1894ರಲ್ಲಿ ಸದರ್ನ್ ಲೀಗ್ ಬಂತು. ಲೀಗುಗಳು ಹತ್ತಾರು ಆದವು, ಆದರೆ ಇಂಗ್ಲಿಷಿನವರ ಬಾಯಲ್ಲಿ ‘ದ ಲೀಗ್’ (the League) ಅಂದರೆ 1888ರದ್ದು ಮಾತ್ರ. ಆ ‘ದ’ ಕನ್ನಡಕ್ಕೆ ಬರುವಾಗ ಉದುರಿಹೋಗುತ್ತದೆ. ಉದುರಿದರೆ ಪದದ ಜೀವವೇ ಹೋಯಿತು. ನಾನ್-ಲೀಗ್ ಅಂದರೆ ‘ಆ ಲೀಗಿನ’ ಸದಸ್ಯರಲ್ಲದವರು. ಬೇರೇನೂ ಅಲ್ಲ.

1901ರ ಎಫ್‌ಎ ಕಪ್ ಗೆದ್ದದ್ದು ಯಾರು ಗೊತ್ತಾ? ಟಾಟನ್‌ಹ್ಯಾಮ್ ಹಾಟ್‌ಸ್ಪರ್. ಆಗ ಅವರು ಸದರ್ನ್ ಲೀಗಿನಲ್ಲಿದ್ದರು. ಅಂದರೆ ನಾನ್-ಲೀಗ್. ಲೀಗಿನ ಮೊದಲ ಡಿವಿಷನ್ನಿನ ಶೆಫೀಲ್ಡ್ ಯುನೈಟೆಡ್ ತಂಡವನ್ನು ಸೋಲಿಸಿದರು. ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದು ಸಮವಾದ ಮೊದಲ ಫೈನಲಿಗೆ ಒಂದು ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು. ಲೀಗ್ ಹುಟ್ಟಿದ ಮೇಲೆ ಹೊರಗಿನವರು ಕಪ್ ಗೆದ್ದದ್ದು ಅದೊಂದೇ ಸಲ. ಈ ತಂಡವನ್ನೂ ‘ಲೀಗ್ ಆಡದ ಹವ್ಯಾಸಿಗಳು’ ಅನ್ನುತ್ತೀರಾ?

ಪದ ಇಷ್ಟು ವರ್ಷ ಬಾಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಬಹಳ ಕಾಲ ಲೀಗಿನ ಬಾಗಿಲು ಒಳಗಿನವರ ಕೈಯಲ್ಲಿತ್ತು. ಕೊನೆಯ ಸ್ಥಾನದಲ್ಲಿ ನಿಂತ ಕ್ಲಬ್ಬುಗಳು ಮತ್ತೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಬೇಕು, ಹೊರಗಿನವರೂ ಹಾಕಬಹುದು, ಸದಸ್ಯರು ಮತ ಹಾಕಬೇಕು. ಹೆಚ್ಚಿನ ಸಲ ಹಳಬರೇ ಉಳಿದುಕೊಳ್ಳುತ್ತಿದ್ದರು. ಹೊರಗೆ ಎಷ್ಟು ಗೆದ್ದರೂ ಹಕ್ಕಿನಿಂದ ಒಳಗೆ ಹೋಗುವಂತಿರಲಿಲ್ಲ. 1972ರಲ್ಲಿ ನಾನ್-ಲೀಗ್ ತಂಡವಾಗಿದ್ದ ಹೆರೆಫರ್ಡ್ ಯುನೈಟೆಡ್ ಕಪ್ಪಿನಲ್ಲಿ ಮೊದಲ ಡಿವಿಷನ್ನಿನ ನ್ಯೂಕಾಸಲ್ ತಂಡವನ್ನು 2-1ರಿಂದ ಸೋಲಿಸಿತು. ಅದೇ ವರ್ಷ ಮತದಿಂದಲೇ ಒಳಗೆ ಬಂತು, ಬ್ಯಾರೋ ಹೊರಗೆ ಹೋಯಿತು. ಈ ಪದ್ಧತಿ ಮುಗಿದದ್ದು 1987ರಲ್ಲಿ. ಆ ವರ್ಷ ಸ್ಕಾರ್ಬರೋ ಆಟದ ಬಲದಿಂದ ನೇರವಾಗಿ ಮೇಲೆ ಬಂತು, ಲಿಂಕನ್ ಸಿಟಿ ನೇರವಾಗಿ ಕೆಳಗೆ ಬಿತ್ತು. ಮೂವತ್ತು ವರ್ಷದ ನಂತರ, 2017ರಲ್ಲಿ, ಅದೇ ಲಿಂಕನ್ ಮತ್ತೊಮ್ಮೆ ನಾನ್-ಲೀಗ್ ತಂಡವಾಗಿದ್ದಾಗ ಪ್ರೀಮಿಯರ್ ಲೀಗಿನ ಬರ್ನ್ಲಿಯನ್ನು ಅದರ ಊರಲ್ಲೇ ಸೋಲಿಸಿ ಕಪ್ಪಿನ ಕ್ವಾರ್ಟರ್ ಫೈನಲ್ ತಲುಪಿತು. ಅದೇ ವರ್ಷ ಲೀಗಿಗೂ ವಾಪಸ್ಸಾಯಿತು.

1992ರಲ್ಲಿ ಪ್ರೀಮಿಯರ್ ಲೀಗ್ ಬೇರೆಯಾದದ್ದರಿಂದ ಒಂದು ತೊಡಕು ಬಂದಿದೆ. ಅಕ್ಷರಕ್ಕೆ ಅಂಟಿಕೊಂಡರೆ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಈಗ ಫುಟ್‌ಬಾಲ್ ಲೀಗಿನ ಸದಸ್ಯ ಅಲ್ಲ. ಆದರೆ ಹಾಗೆ ಯಾರೂ ಅನ್ನುವುದಿಲ್ಲ. ಪ್ರೀಮಿಯರ್ ಲೀಗಿನ 20, ಈಗ ಇಎಫ್‌ಎಲ್ ಅಂತ ಕರೆಯುವ ಹಳೇ ಲೀಗಿನ 72, ಒಟ್ಟು 92 ಕ್ಲಬ್ಬುಗಳ ಕೆಳಗಿರುವುದೆಲ್ಲ ನಾನ್-ಲೀಗ್. ಪ್ರೀಮಿಯರ್ ಲೀಗ್ ಒಂದು ಹಂತ, ಇಎಫ್‌ಎಲ್ ಮೂರು ಹಂತ; ಅಂದರೆ ಐದನೇ ಹಂತದಿಂದ ಕೆಳಕ್ಕೆ. ಅಲ್ಲಿ ಲೆಕ್ಕ ಮತ್ತೆ ಒಂದರಿಂದ ಶುರು: ಐದನೇ ಹಂತವಾದ ನ್ಯಾಷನಲ್ ಲೀಗನ್ನು ‘ಸ್ಟೆಪ್ 1’ ಅನ್ನುತ್ತಾರೆ. ‘ಸ್ಟೆಪ್ 4’ ಅಂತ ಓದಿ ನಾಲ್ಕನೇ ಹಂತ ಅಂತ ಬರೆಯಬೇಡಿ, ಅದು ಎಂಟನೆಯದು.

‘ಹವ್ಯಾಸಿ’ ಅನ್ನುವ ತಪ್ಪಿಗೆ ಜಾಸ್ತಿ ಹೊತ್ತು ಬೇಡ. ಹವ್ಯಾಸಿ, ವೃತ್ತಿಪರ ಅನ್ನುವ ಭೇದವನ್ನು ಇಂಗ್ಲೆಂಡಿನ ಸಂಸ್ಥೆ 1974ರಲ್ಲೇ ತೆಗೆದುಹಾಕಿತು. ನ್ಯಾಷನಲ್ ಲೀಗಿನಲ್ಲಿ ಪೂರ್ತಿ ಸಂಬಳದ ಆಟಗಾರರೇ ಇರುವ ಕ್ಲಬ್ಬುಗಳು ಬೇಕಾದಷ್ಟಿವೆ. ಅದರ ಕೆಳಗೆ ವಾರದಲ್ಲಿ ಬೇರೆ ಕೆಲಸ ಮಾಡಿಕೊಂಡು ಶನಿವಾರ ದುಡ್ಡು ಪಡೆದು ಆಡುವವರು. ಇನ್ನೂ ಕೆಳಗೆ ದುಡ್ಡಿಲ್ಲದೆ ಆಡುವವರೂ ಇದ್ದಾರೆ. 2023ರಲ್ಲಿ ನ್ಯಾಷನಲ್ ಲೀಗಿನಿಂದ ಮೇಲೆ ಹೋದ ಎರಡು ತಂಡ ನೋಡಿ: 111 ಪಾಯಿಂಟಿನ ರೆಕ್ಸ್‌ಹ್ಯಾಮ್, 107 ಪಾಯಿಂಟಿನ ನಾಟ್ಸ್ ಕೌಂಟಿ. ರೆಕ್ಸ್‌ಹ್ಯಾಮಿಗೆ ಹಾಲಿವುಡ್ ನಟರು ಮಾಲೀಕರು. ನಾಟ್ಸ್ ಕೌಂಟಿಯಂತೂ 1888ರ ಆ ಹನ್ನೆರಡರಲ್ಲಿ ಒಂದು. ಲೀಗನ್ನೇ ಕಟ್ಟಿದ ಕ್ಲಬ್ಬು ನಾಲ್ಕು ವರ್ಷ ನಾನ್-ಲೀಗ್ ಆಗಿತ್ತು.

ನಮಗೆ ಹತ್ತಿರದ ಉದಾಹರಣೆಯೂ ಇದೆ. ಭಾರತದ ಫುಟ್‌ಬಾಲ್ ಆಟಗಾರ ಭೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿಗೆ ಹೋಗಿ ಬ್ಯೂರಿ ತಂಡ ಸೇರಿದ್ದು ನೆನಪಿದೆಯಲ್ವಾ? ಆ ಕ್ಲಬ್ಬು 1894ರಿಂದ ಲೀಗಿನ ಸದಸ್ಯ. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದದ್ದು. 2019ರ ಆಗಸ್ಟಿನಲ್ಲಿ ಹಣದ ಸಮಸ್ಯೆಯಿಂದ ಲೀಗಿನಿಂದ ಹೊರಹಾಕಿದರು. ಭುಟಿಯಾ ಆಡಿದ ಗಿಗ್ ಲೇನ್ ಗ್ರೌಂಡಿನಲ್ಲಿ ಆಟ ನಿಂತುಹೋಯಿತು. ಊರಿನವರು ಬಿಡಲಿಲ್ಲ. 2023ರಿಂದ ಅದೇ ಗಿಗ್ ಲೇನಿನಲ್ಲಿ ಮತ್ತೆ ಬ್ಯೂರಿ ಹೆಸರಿನಲ್ಲೇ ಆಟ ನಡೆಯುತ್ತಿದೆ, ಲೀಗುಗಳ ಏಣಿಯ ಬಹಳ ಕೆಳಗಿನ ಹಂತದಿಂದ ಶುರುಮಾಡಿ. ಗ್ರೌಂಡು ಬದಲಾಗಲಿಲ್ಲ, ಸ್ಟ್ಯಾಂಡುಗಳು ಬದಲಾಗಲಿಲ್ಲ. ಸದಸ್ಯತ್ವ ಹೋಯಿತು, ನಾನ್-ಲೀಗ್ ಗ್ರೌಂಡ್ ಆಯಿತು.

ಈಗ ಗ್ರೌಂಡ್‌ಹಾಪಿಂಗ್. ಹೊಸ ಹೊಸ ಗ್ರೌಂಡುಗಳಿಗೆ ಹೋಗಿ ಪಂದ್ಯ ನೋಡುವ ಹವ್ಯಾಸ ಇದು. ‘ಪಂದ್ಯ ನೋಡುವ’ ಅನ್ನುವುದು ಇಲ್ಲಿ ಮುಖ್ಯ. ಖಾಲಿ ಗ್ರೌಂಡಿನ ಗೇಟಿನ ಮುಂದೆ ಫೋಟೋ ತೆಗೆದರೆ ಅದು ಲೆಕ್ಕಕ್ಕಿಲ್ಲ. ದೊಡ್ಡ ಕ್ಲಬ್ಬಿನ ಟೂರ್ ಟಿಕೆಟ್ ತಗೊಂಡು ಡ್ರೆಸ್ಸಿಂಗ್ ರೂಮ್ ನೋಡಿ ಬಂದರೂ ಇಲ್ಲ. ಹಾಪರುಗಳ ಭಾಷೆಯಲ್ಲಿ ಒಂದು ಗ್ರೌಂಡು ‘ಟಿಕ್’ ಆಗಬೇಕಾದರೆ ಅಲ್ಲಿ ಆಟ ನೋಡಿರಬೇಕು. ಅರ್ಧ ನೋಡಿ ಹೊರಟರೆ ಆಗುತ್ತಾ, ಗೋಲಿಲ್ಲದ 0-0 ಪಂದ್ಯ ಲೆಕ್ಕಕ್ಕೆ ಬರುತ್ತಾ, ಅಚ್ಚಾದ ಪ್ರೋಗ್ರಾಂ ಪುಸ್ತಕ ಕೈಯಲ್ಲಿ ಇರಲೇಬೇಕಾ, ಇದರಲ್ಲಿ ಒಬ್ಬೊಬ್ಬರದು ಒಂದೊಂದು ಕಟ್ಟಳೆ. ಪೂರ್ತಿ ತೊಂಬತ್ತು ನಿಮಿಷ ನೋಡಲೇಬೇಕು ಅನ್ನುವ ಪಕ್ಷ ನನ್ನದು. ಲೀಗಿನ ಗ್ರೌಂಡುಗಳನ್ನು ಮುಗಿಸಿದವರಿಗೆ ‘92 ಕ್ಲಬ್’ ಅಂತ ಒಂದು ಸಂಘವೇ ಇದೆ. ನಾನ್-ಲೀಗ್ ಹಾಪರುಗಳಿಗೆ ಅಂಥ ಕೊನೆ ಇಲ್ಲ. ಪಟ್ಟಿ ಸಾವಿರಗಳಲ್ಲಿದೆ, ಪ್ರತಿ ವರ್ಷ ಬದಲಾಗುತ್ತದೆ.

ಕನ್ನಡದಲ್ಲಿ ‘ಗ್ರೌಂಡು’ ಅಂದರೆ ಬಯಲು, ಹುಡುಗರು ಸಂಜೆ ಆಡುವ ಜಾಗ. ಇಂಗ್ಲೆಂಡಿನಲ್ಲಿ ಓಲ್ಡ್ ಟ್ರ್ಯಾಫರ್ಡ್ ಕೂಡ ‘ಗ್ರೌಂಡ್’ ಅಂತಲೇ. ನಾನ್-ಲೀಗ್ ಗ್ರೌಂಡ್ ಅಂದರೂ ಬಯಲಲ್ಲ. ಸುತ್ತ ಕಂಬಿ ಇರುತ್ತದೆ. ಒಂದು ಸಣ್ಣ ಸ್ಟ್ಯಾಂಡು, ನಿಂತು ನೋಡಲು ಕಾಂಕ್ರೀಟಿನ ಮೆಟ್ಟಿಲು, ಫ್ಲಡ್‌ಲೈಟು, ಕ್ಲಬ್‌ಹೌಸು, ಚಹಾ ಮಾರುವ ಕಿಟಕಿ ಇರುತ್ತದೆ. ಒಂದೊಂದು ಹಂತಕ್ಕೂ ಇಂತಿಂಥದ್ದು ಇರಬೇಕು ಅಂತ ನಿಯಮವಿದೆ. ಗ್ರೌಂಡು ಆ ಮಟ್ಟಕ್ಕಿಲ್ಲ ಅಂತ, ಆಟದಲ್ಲಿ ಗೆದ್ದರೂ ಮೇಲಿನ ಹಂತ ಸಿಗದ ಕ್ಲಬ್ಬುಗಳಿವೆ.

ಕೆಳಗಿನ ಹಂತಗಳಲ್ಲಿ ಎರಡೂ ಕಡೆಯ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸುವುದಿಲ್ಲ. ಅರ್ಧ ಆಟ ಮುಗಿದಾಗ ಜನ ನಡೆದುಕೊಂಡು ಇನ್ನೊಂದು ಗೋಲಿನ ಹಿಂದೆ ಹೋಗುತ್ತಾರೆ, ತಮ್ಮ ತಂಡ ಗೋಲು ಹೊಡೆಯುವುದನ್ನು ಹತ್ತಿರದಿಂದ ನೋಡಲು. ದೊಡ್ಡ ಪಂದ್ಯಗಳಲ್ಲಿ ಪಿಚ್ ಕಾಣುವ ಜಾಗದಲ್ಲಿ ಬಿಯರ್ ಕುಡಿಯುವುದನ್ನು 1985ರ ಕಾನೂನು ತಡೆಯುತ್ತದೆ. ಇಲ್ಲಿ ಗ್ಲಾಸು ಹಿಡಿದು ಕಂಬಿಗೆ ಒರಗಿ ನಿಲ್ಲಬಹುದು. ಲಿವರ್‌ಪೂಲಿನ ಹತ್ತಿರದ ಕ್ರಾಸ್ಬಿಯಲ್ಲಿ ಮರೀನ್ ಅನ್ನುವ ಕ್ಲಬ್ಬಿನ ಗ್ರೌಂಡಿಗೆ ಮನೆಗಳ ಹಿತ್ತಲೇ ಗಡಿ. 2021ರ ಜನವರಿಯಲ್ಲಿ ಟಾಟನ್‌ಹ್ಯಾಮ್ ಅಲ್ಲಿಗೆ ಆಡಲು ಬಂತು. ಕೋವಿಡ್ ಇದ್ದದ್ದರಿಂದ ಒಳಗೆ ಜನ ಬಿಡಲಿಲ್ಲ. ಅಕ್ಕಪಕ್ಕದವರು ಬೇಲಿ ಮೇಲಿಂದ ನೋಡಿದರು. ಕ್ಲಬ್ಬಿಗೆ ನೆರವಾಗಲಿ ಅಂತ ಬರೀ ಹೆಸರಿಗೆ ಮಾರಿದ ಆನ್‌ಲೈನ್ ಟಿಕೆಟುಗಳು 30 ಸಾವಿರಕ್ಕೂ ಜಾಸ್ತಿ ಹೋದವು. ಎಂಟನೇ ಹಂತದ ಮರೀನ್ 0-5ರಿಂದ ಸೋತಿತು.

ಆದರೆ ಒಂದೇ ಗ್ರೌಂಡು ನೋಡಲು ಸಾಧ್ಯ ಅಂದರೆ ನಾನು ಶೆಫೀಲ್ಡಿನ ಸ್ಯಾಂಡಿಗೇಟ್ ಹೇಳುತ್ತೇನೆ. ಹಾಲಂ ಎಫ್‌ಸಿಯ ಗ್ರೌಂಡು ಅದು. 1860ರ ಡಿಸೆಂಬರ್ 26ರಂದು ಅಲ್ಲಿ ಹಾಲಂ ಮತ್ತು ಶೆಫೀಲ್ಡ್ ಎಫ್‌ಸಿ ಆಡಿದವು. ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಗ್ರೌಂಡ್ ಅಂತ ಗಿನ್ನೆಸ್ ದಾಖಲೆ ಇದೆ. ಆಗ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯೇ ಹುಟ್ಟಿರಲಿಲ್ಲ, ಅದು 1863ರದ್ದು. ಎದುರಾಳಿ ಶೆಫೀಲ್ಡ್ ಎಫ್‌ಸಿ 1857ರಲ್ಲಿ ಶುರುವಾದ, ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್. ಎರಡೂ ಇವತ್ತಿಗೂ ಆಡುತ್ತಿವೆ, ಎರಡೂ ನಾನ್-ಲೀಗ್. ಸ್ಯಾಂಡಿಗೇಟಿನ ಪಿಚ್ ಇಳಿಜಾರಾಗಿದೆ, ಕಣ್ಣಿಗೆ ಕಾಣುವಷ್ಟು. ಮೇಲಿನಿಂದ ಕೆಳಗೆ ಆಡುವಾಗ ಒಂದು ಆಟ, ಕೆಳಗಿನಿಂದ ಮೇಲೆ ಆಡುವಾಗ ಇನ್ನೊಂದು. ಇದನ್ನು ‘ಲೀಗ್ ಇಲ್ಲದ ಮೈದಾನ’ ಅಂತ ಬರೆದರೆ ಹೊಟ್ಟೆ ಉರಿಯುತ್ತದೆ.

ಶನಿವಾರ ಮಧ್ಯಾಹ್ನ 3 ಗಂಟೆ ಇಂಗ್ಲೆಂಡಿನಲ್ಲಿ ಫುಟ್‌ಬಾಲಿನ ಹೊತ್ತು. ಆ ಹೊತ್ತಿನ ಪಂದ್ಯಗಳನ್ನು ಅಲ್ಲಿನ ಟಿವಿಯಲ್ಲಿ ನೇರ ತೋರಿಸುವಂತಿಲ್ಲ. 2:45ರಿಂದ 5:15ರವರೆಗೆ ತಡೆ ಇದೆ. ಜನ ಮನೆಯಲ್ಲಿ ಕೂರದೆ ಗ್ರೌಂಡಿಗೆ ಬರಲಿ, ಸಣ್ಣ ಕ್ಲಬ್ಬುಗಳ ಗೇಟು ಉಳಿಯಲಿ ಅಂತ. ಬೆಂಗಳೂರಿನಲ್ಲಿ ನಾವು ಚಳಿಗಾಲದ ರಾತ್ರಿ 8:30ಕ್ಕೆ ಸೋಫಾದಲ್ಲಿ ಕೂತು ನೋಡುವ ಪಂದ್ಯ ಅಲ್ಲಿನವರಿಗೆ ಟಿವಿಯಲ್ಲಿ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಇದನ್ನು ಬಳಸಿಕೊಳ್ಳಬೇಕು. ಪ್ರೀಮಿಯರ್ ಲೀಗ್ ಟಿಕೆಟ್ ಸಿಗಲಿಲ್ಲ ಅಂತ ಕೊರಗುವ ಬದಲು ಊರಿನ ಕ್ಲಬ್ಬಿಗೆ ಹೋಗಿ. 2010ರಿಂದ ‘ನಾನ್-ಲೀಗ್ ಡೇ’ ಅಂತಲೂ ಮಾಡುತ್ತಾರೆ, ದೇಶದ ತಂಡಗಳ ಪಂದ್ಯಕ್ಕಾಗಿ ದೊಡ್ಡ ಲೀಗುಗಳಿಗೆ ಬಿಡುವು ಇರುವ ಶನಿವಾರ. ಮಳೆಯ ವಾರವಾದರೆ ಹೊರಡುವ ಮುಂಚೆ ಕ್ಲಬ್ಬಿನ ಪೇಜ್ ನೋಡಿಕೊಳ್ಳಿ. ಬೆಳಿಗ್ಗೆ ರೆಫರಿ ಬಂದು ಪಿಚ್ ನೋಡಿ, ನೀರು ನಿಂತಿದೆ ಅಂತ ಪಂದ್ಯ ಮುಂದೂಡುವುದು ಈ ಹಂತದಲ್ಲಿ ಮಾಮೂಲು. ಹತ್ತಿರದಲ್ಲಿ ಪ್ಲಾಸ್ಟಿಕ್ ಹುಲ್ಲಿನ ಪಿಚ್ ಇರುವ ಇನ್ನೊಂದು ಕ್ಲಬ್ಬಿನ ವಿಳಾಸ ಮೊದಲೇ ಗುರುತು ಹಾಕಿಟ್ಟುಕೊಂಡರೆ ಶನಿವಾರ ಹಾಳಾಗುವುದಿಲ್ಲ.