ಎಂಟನೇ ತಿಂಗಳಲ್ಲಿ ಹೊಟ್ಟೆ ಗಟ್ಟಿಯಾಗುತ್ತಿದೆ: ಸುಳ್ಳು ನೋವೇ, ಹೆರಿಗೆ ನೋವೇ?

ಪ್ರಶ್ನೆ: ನನಗೀಗ 31 ವಾರ. ಎರಡು ದಿನಗಳಿಂದ ಸಂಜೆ ಹೊತ್ತು ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಮತ್ತೆ ಸಡಿಲವಾಗುತ್ತದೆ. ಸುಳ್ಳು ನೋವು, ಸುಮ್ಮನಿರು ಎನ್ನುತ್ತಾರೆ ಅತ್ತೆಯವರು. ಆಸ್ಪತ್ರೆಗೆ ಹೋಗಲೇಬೇಕೇ?
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ನಿಮ್ಮ ಅತ್ತೆಯವರ ಮಾತು ನಿಜವಿರಬಹುದು. ಆದರೆ 37 ವಾರ ತುಂಬುವ ಮೊದಲು ಅದನ್ನು ಪರೀಕ್ಷಿಸದೆ ನಂಬಿ ಕೂರುವಂತಿಲ್ಲ.

ಗರ್ಭಕೋಶವೂ ಒಂದು ಸ್ನಾಯು. ಹೆರಿಗೆಗೆ ಬಹಳ ಮುಂಚಿನಿಂದಲೇ ಅದು ಆಗಾಗ ಬಿಗಿಯಾಗಿ ಸಡಿಲಗೊಳ್ಳುತ್ತಿರುತ್ತದೆ. 1872ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯರ ಹೆಸರಿನಿಂದ ವೈದ್ಯರು ಇದನ್ನು ಬ್ರಾಕ್ಸ್‌ಟನ್ ಹಿಕ್ಸ್ ಎನ್ನುತ್ತಾರೆ. ಇದಕ್ಕೆ ಹೊತ್ತು ಗೊತ್ತಿಲ್ಲ, ಇದು ಬರಬರುತ್ತ ಜೋರಾಗುವುದೂ ಇಲ್ಲ. ಮಲಗಿದರೆ, ನೀರು ಕುಡಿದರೆ ತಗ್ಗುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ, ದಿನವಿಡೀ ಸರಿಯಾಗಿ ನೀರು ಕುಡಿಯದವರಿಗೆ ಸಂಜೆ ಹೊಟ್ಟೆ ಬಿಗಿಯುವುದು ಸಾಮಾನ್ಯ. ನಿಜವಾದ ನೋವು ಹಾಗಲ್ಲ. ಅದು ಬಹಳಷ್ಟು ಸಲ ಸೊಂಟದಲ್ಲಿ ಹುಟ್ಟಿ ಮುಂದಕ್ಕೆ ಬರುತ್ತದೆ, ಅಂತರ ಕಡಿಮೆಯಾಗುತ್ತ ಹೋಗುತ್ತದೆ, ಗರ್ಭಕೋಶದ ಬಾಯಿಯನ್ನು ತೆರೆಯುತ್ತದೆ. ಬಾಯಿ ತೆರೆಯುತ್ತಿದೆಯೇ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಎಷ್ಟು ಹೆರಿಗೆ ಕಂಡವರಿಗೂ ತಿಳಿಯುವುದಿಲ್ಲ.

ಇಂದು ಸಂಜೆ ಹೀಗೆ ಮಾಡಿ: ಮೂತ್ರ ಮಾಡಿ ಬಂದು, ಎರಡು ದೊಡ್ಡ ಲೋಟ ನೀರು ಕುಡಿದು ಎಡ ಮಗ್ಗುಲಿಗೆ ಮಲಗಿ, ಬೆರಳ ತುದಿಗಳನ್ನು ಹೊಟ್ಟೆಯ ಮೇಲಿಡಿ. ಕೆನ್ನೆಯಂತೆ ಮೆತ್ತಗಿದ್ದದ್ದು ಹಣೆಯಂತೆ ಗಟ್ಟಿಯಾದಾಗಲೆಲ್ಲ ಗಡಿಯಾರ ನೋಡಿ ಬರೆದಿಡಿ. ಒಂದು ಗಂಟೆಯಲ್ಲಿ ನಾಲ್ಕು ಅಥವಾ ಹೆಚ್ಚು ಬಾರಿ ಹಾಗಾದರೆ, ನೋವು ಇರಲಿ ಬಿಡಲಿ, ಹೊರಡಿ. ನೀರು ಹೋದರೆ, ರಕ್ತ ಕಂಡರೆ, ಕೆಳಗೆ ಒತ್ತಿದಂತಾದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಎಣಿಸುತ್ತ ಕೂರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಕಷಾಯ ಕುಡಿದು ನೋಡೋಣ ಎನ್ನುವುದು ಬೇಡ. ಹರಳೆಣ್ಣೆಯನ್ನಂತೂ ಮುಟ್ಟಲೇಬೇಡಿ, ಅದು ನೋವನ್ನು ಎಬ್ಬಿಸಬಲ್ಲದು.

ಬೇಗ ಹೋಗಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಒಂದು ಚುಚ್ಚುಮದ್ದು. 24ರಿಂದ 34 ವಾರಗಳ ನಡುವೆ ಹೆರಿಗೆ ಆಗಿಬಿಡುವ ಲಕ್ಷಣವಿದ್ದರೆ ತಾಯಿಗೆ ಡೆಕ್ಸಾಮೆಥಸೋನ್ ಕೊಡುತ್ತಾರೆ, 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಬಾರಿ. ಅದು ಮಗುವಿನ ಶ್ವಾಸಕೋಶವನ್ನು ಉಸಿರಾಟಕ್ಕೆ ಅಣಿಗೊಳಿಸುತ್ತದೆ. ಆದರೆ ಅದಕ್ಕೆ ಸಮಯ ಬೇಕು, ಹೆರಿಗೆಗೆ ಒಂದು ದಿನವಾದರೂ ಮೊದಲು ಸಿಕ್ಕರೆ ಒಳ್ಳೆಯದು. ನೋವು ತಡೆಯಲು ಕೊಡುವ ನಿಫೆಡಿಪಿನ್ ಮಾತ್ರೆಯ ಉದ್ದೇಶವೂ ಹೆರಿಗೆಯನ್ನು ವಾರಗಟ್ಟಲೆ ಮುಂದೂಡುವುದಲ್ಲ. ಈ ಚುಚ್ಚುಮದ್ದು ಕೆಲಸ ಮಾಡಲು ಮತ್ತು ದೊಡ್ಡ ಆಸ್ಪತ್ರೆ ತಲುಪಲು 48 ಗಂಟೆ ಗಳಿಸಿಕೊಡುವುದು. 32 ವಾರಕ್ಕೆ ಮೊದಲಾದರೆ ಮಗುವಿನ ಮೆದುಳಿನ ರಕ್ಷಣೆಗೆ ಮೆಗ್ನೀಸಿಯಂ ಸಲ್ಫೇಟನ್ನೂ ಕೊಡುವುದುಂಟು. ಜಗಳೂರಿನಿಂದ ದಾವಣಗೆರೆಗೆ, ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಬರುವ ದಾರಿ ಉದ್ದವಾದ್ದರಿಂದ, ಮೊದಲ ಚುಚ್ಚುಮದ್ದನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಕೊಟ್ಟು ಕಳುಹಿಸಬಹುದೇ ಎಂದು ಕೇಳಿ. ತಾಯಿ ಕಾರ್ಡ್ ಜೊತೆಯಲ್ಲಿರಲಿ. ವಾರದ ಲೆಕ್ಕ ಅದರಲ್ಲಿದೆ, ಚಿಕಿತ್ಸೆ ನಿರ್ಧಾರವಾಗುವುದು ಆ ಲೆಕ್ಕದ ಮೇಲೆ.

ಏಳು ತಿಂಗಳ ಮಗು ಬದುಕುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಅದು ಪೂರ್ತಿ ಸುಳ್ಳು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿನ ಬಲವನ್ನು ಹೆಚ್ಚಿಸುತ್ತದೆ.

ಇಂದು ಬಿಗಿತ ತಗ್ಗಿದರೂ, ಎರಡು ದಿನಗಳಿಂದ ಹೀಗಾಗುತ್ತಿರುವುದರಿಂದ ನಾಳೆ ಬೆಳಿಗ್ಗೆ ವೈದ್ಯರಿಗೆ ತೋರಿಸಿ, ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಉರಿ ಇಲ್ಲದೆಯೂ ಮೂತ್ರದಲ್ಲಿ ಸೋಂಕು ಇರಬಹುದು, ಅದು ಅವಧಿಗೆ ಮುನ್ನ ನೋವು ತರಬಹುದು. ಸಮಯಕ್ಕೆ ಕಂಡುಹಿಡಿದರೆ ಕೆಲವೇ ದಿನಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ವೈದ್ಯರು ಹೇಳುವುದನ್ನು ಅವರೂ ಕೇಳಲಿ.