ದೈವದ ಕಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡಿಸಬಹುದಾ ಮಾಸ್ಟ್ರೇ?

ಪ್ರಶ್ನೆ: ನಮ್ಮ ತರವಾಡಿನ (ಕುಟುಂಬದ ಮೂಲಮನೆಯ) ದೈವಸ್ಥಾನದ ಜೀರ್ಣೋದ್ಧಾರಕ್ಕೆ ಅಡಿಪಾಯ ತೆಗೆಯುವಾಗ ಒಂದು ಹಳೇ ಕಲ್ಲಿನ ಪೀಠ ಸಿಕ್ಕಿದೆ. ಜೊತೆಗೆ ಒಂದು ಕಂಚಿನ ಗಂಟೆ. ಕಾರ್ಬನ್ ಡೇಟಿಂಗ್ ಮಾಡಿಸಿದರೆ ಎಷ್ಟು ವರ್ಷ ಹಳೆಯದು ಅಂತ ಗೊತ್ತಾಗುತ್ತದಲ್ವಾ ಮಾಸ್ಟ್ರೇ? ಬ್ರಹ್ಮಕಲಶದ ಆಮಂತ್ರಣ ಅಚ್ಚಿಗೆ ಕೊಡುವ ಮೊದಲು ತಿಳಿಸಿ. (ಕುಂಬಳೆ ಕಡೆಯ ಓದುಗರು)

ಉತ್ತರ: ಗೊತ್ತಾಗುವುದಿಲ್ಲ. ಕಲ್ಲಿನದ್ದೂ ಇಲ್ಲ, ಗಂಟೆಯದ್ದೂ ಇಲ್ಲ.

ಇದೇ ಪ್ರಶ್ನೆ ಮಧೂರಿನಿಂದ ಬಂದಿದೆ, ಬದಿಯಡ್ಕದಿಂದ ಬಂದಿದೆ, ಮಂಜೇಶ್ವರದಿಂದ ಎರಡು ಸಲ ಬಂದಿದೆ. ಪ್ರತಿ ಸಲವೂ ನಾಲ್ಕು ಸಾಲು ಬರೆದು ಕಳಿಸಿದ್ದೇನೆ. ಸಾಕಾಗಲಿಲ್ಲ ಅಂತ ಕಾಣುತ್ತದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ದಯವಿಟ್ಟು ಇಟ್ಟುಕೊಳ್ಳಿ, ಪಕ್ಕದ ಮನೆಯವರಿಗೂ ಕೊಡಿ.

ಗಾಳಿಯಲ್ಲಿರುವ ಇಂಗಾಲದಲ್ಲಿ ಬಹುಪಾಲು ಕಾರ್ಬನ್-12. ಲಕ್ಷ ಕೋಟಿ ಪರಮಾಣುಗಳಲ್ಲಿ ಸುಮಾರು ಒಂದು ಮಾತ್ರ ಕಾರ್ಬನ್-14, ಅಂದರೆ ಇಂಗಾಲದ್ದೇ ಸ್ವಲ್ಪ ಭಾರದ, ತಾನಾಗಿ ಕರಗಿಹೋಗುವ ರೂಪ. ಕಾಸ್ಮಿಕ್ ಕಿರಣಗಳಿಂದಾಗಿ ಮೇಲಿನ ವಾತಾವರಣದಲ್ಲಿ ಅದು ಹುಟ್ಟುತ್ತಲೇ ಇರುತ್ತದೆ. ಗಿಡ ಅದನ್ನು ಗಾಳಿಯಿಂದ ಹೀರುತ್ತದೆ, ಗಿಡ ತಿಂದ ಹಸುವಿಗೆ ಬರುತ್ತದೆ, ಹಾಲು ಕುಡಿದ ನಮಗೂ ಬರುತ್ತದೆ. ಜೀವ ಹೋದ ದಿನ ಈ ಒಳಬರುವಿಕೆ ನಿಂತಿತು. ಅಲ್ಲಿಂದ ಮೇಲೆ ಇರುವುದು ಕರಗುತ್ತಾ ಹೋಗುತ್ತದೆ: 5730 ವರ್ಷಕ್ಕೆ ಅರ್ಧ, ಇನ್ನೊಂದು 5730ಕ್ಕೆ ಅದರ ಅರ್ಧ. ಎಷ್ಟು ಉಳಿದಿದೆ ಅಂತ ಅಳೆದು ಜೀವ ಹೋದ ಕಾಲವನ್ನು ಲೆಕ್ಕ ಹಾಕುವುದೇ ಕಾರ್ಬನ್ ಡೇಟಿಂಗ್. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಷಿಕಾಗೋದಲ್ಲಿ ವಿಲ್ಲರ್ಡ್ ಲಿಬ್ಬಿ 1949ರಲ್ಲಿ ಇದನ್ನು ತೋರಿಸಿಕೊಟ್ಟರು, 1960ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ನಿಮ್ಮ ಪೀಠಕ್ಕೆ ಬನ್ನಿ. ಮುರಕಲ್ಲು ಯಾವತ್ತು ಉಸಿರಾಡಿತ್ತು? ಅದು ಮುಖ್ಯವಾಗಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡು. ಕರಿಕಲ್ಲೂ ಅಷ್ಟೇ, ಅದು ಬದುಕಿ ಸತ್ತದ್ದಲ್ಲ. ಗಂಟೆ ತಾಮ್ರ ಮತ್ತು ತವರ. ಲೆಕ್ಕ ಹಾಕಲು ಬೇಕಾದ ಇಂಗಾಲವೇ ಅಲ್ಲಿಲ್ಲ.

ಇಷ್ಟು ಹೇಳಿದ ಮೇಲೆ ಯಾವಾಗಲೂ ಬರುವ ಮಾತು: “ಕಲ್ಲಿನ ಮೇಲೆ ಪಾಚಿ ಇದೆಯಲ್ಲ ಮಾಸ್ಟ್ರೇ, ಎಣ್ಣೆ ಹಿಡಿದಿದೆಯಲ್ಲ?” ಇದೆ. ಅದರಲ್ಲಿ ಇಂಗಾಲವೂ ಇದೆ. ಆದರೆ ಸಿಗುವುದು ಪಾಚಿಯ ವಯಸ್ಸು. ಹೋದ ಪತ್ತನಾಜೆಗೆ ಹಚ್ಚಿದ ದೀಪದ ತೆಂಗಿನೆಣ್ಣೆಯ ವಯಸ್ಸು.

ಮತ್ತೊಂದು ಮಾತು: “ಕಲ್ಲಿಗೆ ಬೇರೆ ವಿಧಾನ ಇದೆಯಂತೆ.” ಇದೆ, ಪೊಟ್ಯಾಸಿಯಂ-ಆರ್ಗಾನ್ ಅಂತ. ಅದು ಹೇಳುವುದು ಕರಗಿದ ಶಿಲೆ ಗಟ್ಟಿಯಾದದ್ದು ಯಾವಾಗ ಅಂತ. ಉತ್ತರ ಕೋಟಿಗಟ್ಟಲೆ ವರ್ಷಗಳಲ್ಲಿ ಬರಬಹುದು. ನಿಮ್ಮ ಅಡುಗೆಮನೆಯ ಕಡೆಯುವ ಕಲ್ಲನ್ನು ಕೊಟ್ಟರೂ ಹಾಗೇ ಬಂದೀತು. ಅಜ್ಜಿ ಅದರಲ್ಲಿ ಮೊದಲ ಸಲ ದೋಸೆಗೆ ಅಕ್ಕಿ ಕಡೆದದ್ದು ಯಾವಾಗ ಅಂತ ಅದು ಹೇಳುವುದಿಲ್ಲ. ಶಿಲ್ಪಿಯ ಉಳಿ ಬಿದ್ದ ದಿನ ಶಿಲೆಯೊಳಗೆ ಯಾವ ಗಡಿಯಾರವೂ ಹೊಸದಾಗಿ ಶುರುವಾಗುವುದಿಲ್ಲ.

“ಹಾಗಾದರೆ ಪೇಪರಿನಲ್ಲಿ ಕಬ್ಬಿಣಕ್ಕೆ 4200 ವರ್ಷ ಅಂತ ಬಂತಲ್ಲ?” ಇದು ಒಳ್ಳೆಯ ಪ್ರಶ್ನೆ. ಆ ಜಾಗ ಮಯಿಲಾಡುಂಪಾರೈ. ನಮ್ಮ ಕಾಸರಗೋಡಿನ ಹಾಗೆಯೇ ಕನ್ನಡದವರಿರುವ ಗಡಿ ಜಿಲ್ಲೆ, ತಮಿಳುನಾಡಿನ ಕೃಷ್ಣಗಿರಿಯಲ್ಲಿದೆ. 2022ರಲ್ಲಿ ಪ್ರಕಟವಾದ ಕಾಲ ಕ್ರಿ.ಪೂ. 2172. ಆದರೆ ಕಾಲ ಅಳೆದದ್ದು ಕಬ್ಬಿಣವನ್ನಲ್ಲ, ಇದ್ದಿಲನ್ನು. ಕಬ್ಬಿಣ ಸಿಕ್ಕಿದ ಮಣ್ಣಿನ ಪದರದಲ್ಲೇ ಇದ್ದಿಲು ಸಿಕ್ಕಿತ್ತು. ಎರಡೂ ಒಂದೇ ಕಾಲಕ್ಕೆ ಅಲ್ಲಿ ಬಿದ್ದದ್ದು ಅಂತ ಹೇಳಿದ್ದು ಯಂತ್ರವಲ್ಲ, ಪದರ ಪದರವಾಗಿ ಮಣ್ಣು ತೆಗೆದು ಬರೆದಿಟ್ಟವರು. ಹೆಡ್‌ಲೈನ್‌ನಲ್ಲಿ ಇದ್ದಿಲು ಬಿಟ್ಟುಹೋಯಿತು, ಕಬ್ಬಿಣ ಉಳಿಯಿತು. ನಮ್ಮ ಊರಿನ ಗೊಂದಲಕ್ಕೆ ಅರ್ಧ ಕಾರಣ ಇದೇ ಅಂತ ನನಗನ್ನಿಸುತ್ತದೆ.

ಕಲ್ಲಿನ ಕಟ್ಟಡದಲ್ಲಿ ನಾನು ತುಂಬ ಇಷ್ಟಪಡುವ ಒಂದು ಅಪವಾದ ಇದೆ. ಅದು ಗಾರೆ. ಚಿಪ್ಪಿ ಸುಟ್ಟು ಸುಣ್ಣ ಮಾಡುವಾಗ ಚಿಪ್ಪಿಯೊಳಗಿನ ಹಳೇ ಇಂಗಾಲ ಅನಿಲವಾಗಿ ಹೋಗುತ್ತದೆ. ಆ ಸುಣ್ಣದ ಗಾರೆ ಗೋಡೆಯಲ್ಲಿ ಗಟ್ಟಿಯಾಗುವಾಗ ಆಗಿನ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ವಾಪಸು ಎಳೆದುಕೊಳ್ಳುತ್ತದೆ. ಅಂದರೆ ಗೋಡೆ ಕಟ್ಟಿದ ಕಾಲದ ಗಾಳಿಯೇ ಅದರಲ್ಲಿ ಸಿಕ್ಕಿಬಿದ್ದಿದೆ! ಆದರೆ ಸರಿಯಾಗಿ ಸುಡದ ಚಿಪ್ಪಿಯ ಒಂದು ಚೂರು ಉಳಿದಿದ್ದರೂ ಲೆಕ್ಕ ತಪ್ಪುತ್ತದೆ. ಕಡಲಿನ ಚಿಪ್ಪಿ ತಾನಾಗಿಯೇ ಸುಮಾರು 400 ವರ್ಷ ಹಳೆಯದಾಗಿ ಕಾಣುತ್ತದೆ, ಕಡಲ ನೀರಿನ ಇಂಗಾಲವೇ ಹಳೆಯದು.

ಹಾಗಾದರೆ ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ? ವಸ್ತುವಿನ ಮುಂದೆ ಮೀಟರ್ ಹಿಡಿದು ವರ್ಷ ಓದುವ ಕೆಲಸ ಅಲ್ಲ ಇದು. ಹೆಚ್ಚಿನ ಹೊತ್ತು ಹೋಗುವುದು ತೊಳೆಯುವುದಕ್ಕೆ. ಮರವೋ ಇದ್ದಿಲೋ ಆದರೆ ಮೊದಲು ಬಿಸಿ ಹೈಡ್ರೋಕ್ಲೋರಿಕ್ ಆಸಿಡ್, ಮಣ್ಣಿನ ಸುಣ್ಣದ ಅಂಶ ಹೋಗಲಿಕ್ಕೆ. ಆಮೇಲೆ ಕಾಸ್ಟಿಕ್ ಸೋಡಾ. ನಾನು ಒಮ್ಮೆ ಹತ್ತಿರ ನಿಂತು ನೋಡಿದ್ದೇನೆ. ಗಾಜಿನ ಕೊಳವೆಯಲ್ಲಿ ಉಗುರಿನಷ್ಟು ಇದ್ದಿಲು. ಸೋಡಾ ಬಿದ್ದದ್ದೇ ನೀರು ಕಟ್ಟಂಚಾಯದ (ಹಾಲಿಲ್ಲದ ಚಹಾದ) ಬಣ್ಣಕ್ಕೆ ತಿರುಗಿತು. ಅದು ಇದ್ದಿಲಿನದ್ದಲ್ಲ, ನೂರಾರು ಮಳೆಗಾಲದಲ್ಲಿ ಮಣ್ಣಿನಿಂದ ಇಳಿದು ಒಳಗೆ ಸೇರಿದ ಕೊಳೆತ ಎಲೆಯ ರಸ. ಚೆಲ್ಲಿದರು, ಮತ್ತೆ ಹಾಕಿದರು. ಬಣ್ಣ ತೆಳುವಾಯಿತು. ನೀರು ತಿಳಿಯಾಗುವವರೆಗೆ ಬಿಡಲಿಲ್ಲ. ಕೊನೆಗೆ ಇನ್ನೊಮ್ಮೆ ಆಸಿಡ್, ಏಕೆಂದರೆ ಸೋಡಾ ಈಗಿನ ಗಾಳಿಯಿಂದ ಇಂಗಾಲ ಹಿಡಿದುಕೊಂಡಿರುತ್ತದೆ. ಎಲುಬಾದರೆ ಅದರೊಳಗಿನ ಕೊಲಾಜನ್ ಅನ್ನುವ ಪ್ರೋಟೀನ್ ಮಾತ್ರ ಬೇರೆ ಮಾಡುತ್ತಾರೆ.

ಶುದ್ಧವಾದದ್ದನ್ನು ಕ್ವಾರ್ಟ್ಸ್ ಕೊಳವೆಯಲ್ಲಿ ತಾಮ್ರದ ಆಕ್ಸೈಡ್ ಜೊತೆ ಮುಚ್ಚಿ ಸುಮಾರು 900 ಡಿಗ್ರಿಯಲ್ಲಿ ಸುಡುತ್ತಾರೆ. ಬಂದ ಅನಿಲವನ್ನು ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸಿ ಹಿಡಿಯುತ್ತಾರೆ. ಹಳೇ ಕ್ರಮದಲ್ಲಿ ಅದನ್ನು ಬೆಂಜೀನ್ ಮಾಡಿ ಕರಗುವ ಪರಮಾಣುಗಳ ಮಿನುಗನ್ನು ಎಣಿಸುತ್ತಿದ್ದರು, ಅದಕ್ಕೆ ಗ್ರಾಂ ಲೆಕ್ಕದಲ್ಲಿ ಇಂಗಾಲ ಬೇಕಿತ್ತು. 1970ರ ದಶಕದ ಕೊನೆಗೆ ಎಎಂಎಸ್ ಅನ್ನುವ ಹೊಸ ಕ್ರಮ ಬಂತು. ಇದರಲ್ಲಿ ಅನಿಲವನ್ನು ಕಬ್ಬಿಣದ ಪುಡಿಯ ಮೇಲೆ ಗ್ರಾಫೈಟ್ ಮಾಡಿ, ವೇಗವರ್ಧಕದಲ್ಲಿ (ಕಣಗಳನ್ನು ಅತಿ ವೇಗಕ್ಕೆ ಏರಿಸುವ ಯಂತ್ರದಲ್ಲಿ) ಓಡಿಸಿ, ಪರಮಾಣುಗಳನ್ನೇ ತೂಕದ ಮೇಲೆ ಬೇರೆ ಮಾಡಿ ಎಣಿಸುತ್ತಾರೆ. ವ್ಯತ್ಯಾಸ ನೋಡಿ: ಒಂದು ಮಿಲಿಗ್ರಾಂ ಹೊಸ ಇಂಗಾಲದಲ್ಲಿ ಸುಮಾರು 6 ಕೋಟಿ ಕಾರ್ಬನ್-14 ಇದೆ. ದಿನಕ್ಕೆ ಕರಗುವುದು ಇಪ್ಪತ್ತೋ ಏನೋ. ಕರಗಲಿ ಅಂತ ಕಾಯುವ ಬದಲು ಇದ್ದದ್ದನ್ನೇ ಎಣಿಸಿದರೆ ಒಂದು ಭತ್ತದ ಕಾಳು ಸಾಕು. ದೆಹಲಿಯ ವೇಗವರ್ಧಕ ಕೇಂದ್ರ ಐಯುಎಸಿಯಲ್ಲಿ, ಅಹಮದಾಬಾದಿನ ಭೌತಶಾಸ್ತ್ರ ಸಂಶೋಧನಾಲಯ ಪಿಆರ್‌ಎಲ್‌ನಲ್ಲಿ ಈ ಯಂತ್ರ ಇದೆ. ಪ್ರತಿ ಸಲವೂ ಜೊತೆಗೆ ಕಾರ್ಬನ್-14 ಇಲ್ಲದ ಕಲ್ಲಿದ್ದಲಿನಂಥದ್ದನ್ನೂ ಓಡಿಸುತ್ತಾರೆ. ಅದರಲ್ಲಿ ಏನಾದರೂ ಕಂಡರೆ ಅದು ಪ್ರಯೋಗಾಲಯದಲ್ಲೇ ಸೇರಿದ ಕಸ ಅಂತ ಲೆಕ್ಕ.

ನಿಮ್ಮಲ್ಲಿ ಹಳೇ ಹಲಸಿನ ತೊಲೆ ಇದ್ದರೆ ಅದಕ್ಕೆ ಕಾಲ ತಿಳಿಯಬಹುದು. ಆದರೆ ಗೆದ್ದಲಿಗೆ ಅಂತ ಏನು ಬಳಿದಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಗೇರುಬೀಜದ ಸಿಪ್ಪೆ ಎಣ್ಣೆ ಬಳಿದಿದ್ದರೆ ತೊಲೆ ಇರುವುದಕ್ಕಿಂತ ಹೊಸದಾಗಿ ಕಾಣುತ್ತದೆ. ಲಾರಿಯ ಸುಟ್ಟ ಆಯಿಲ್ ಬಳಿದಿದ್ದರೆ ಹಳೆಯದಾಗಿ ಕಾಣುತ್ತದೆ, ಏಕೆಂದರೆ ಅದರಲ್ಲಿ ಕಾರ್ಬನ್-14 ಉಳಿದಿಲ್ಲ. ನೂರರಲ್ಲಿ ಹತ್ತು ಪಾಲು ಇಂಗಾಲ ಆ ಆಯಿಲಿನದ್ದಾದರೆ ಸುಮಾರು 850 ವರ್ಷ ಸುಮ್ನೆ ಜಾಸ್ತಿ ಬರುತ್ತದೆ. ತುಂಡು ತೆಗೆಯುವುದಾದರೆ ತೊಗಟೆಗೆ ಹತ್ತಿರದ ಹೊರಭಾಗದಿಂದ. ತಿರುಳು ಮರ ಕಡಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಬೆಳೆದು ಮುಗಿದಿರುತ್ತದೆ.

ಪೀಠದ ಅಡಿಯ ಮಣ್ಣನ್ನು ಇನ್ನೂ ತೆಗೆದಿಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಅಲ್ಲಿ ಒಂದು ಚೂರು ಇದ್ದಿಲು, ಒಂದು ಕರಟಿದ ಕಾಳು ಇದ್ದರೆ ಅದೇ ನಿಮ್ಮ ಪೀಠಕ್ಕೆ ಸಾಕ್ಷಿ. ಕೈಯಲ್ಲಿ ಮುಟ್ಟಬೇಡಿ, ಹತ್ತಿಯಲ್ಲಿ ಸುತ್ತಬೇಡಿ, ಕುಂಕುಮ ಹಚ್ಚಬೇಡಿ. ಅಲ್ಯೂಮಿನಿಯಂ ಫಾಯಿಲ್ ಸಾಕು. ಎಷ್ಟು ಆಳ ಅಂತ ಬರೆದಿಡಿ, ಫೋಟೋ ತೆಗೆದಿಡಿ.

ಯಾರೂ ಕೇಳದಿದ್ದರೂ ಒಂದು ಹೇಳಬೇಕು. ಬಾಯಾರು, ಎಣ್ಮಕಜೆ ಕಡೆಯ ನಮ್ಮ ನೀರಿನ ಸುರಂಗಗಳ ವಯಸ್ಸು ಎಷ್ಟು? ಸುರಂಗ ಅಂದರೆ ಮುರಕಲ್ಲಿನೊಳಗಿನ ಒಂದು ಖಾಲಿ ಜಾಗ. ಖಾಲಿಯನ್ನು ಸುಟ್ಟು ಅಳೆಯಲಿಕ್ಕಾಗುವುದಿಲ್ಲ. ಗೋಡೆಯಲ್ಲಿ ಅಗೆದವರ ದೀಪದ ಮಸಿ ಇದೆಯಲ್ಲ ಅನ್ನಿಸಿತು ನನಗೆ. ಆದರೆ ಮೇಣದಬತ್ತಿ, ಚಿಮಣಿ ಎಣ್ಣೆ ಎರಡೂ ನೆಲದಡಿಯ ಪೆಟ್ರೋಲಿಯಂನಿಂದ ಬಂದದ್ದು. ಅದರಲ್ಲಿ ಕಾರ್ಬನ್-14 ಮುಗಿದು ಲಕ್ಷಾಂತರ ವರ್ಷವಾಗಿದೆ. ಹೋದ ವಾರ ಹಚ್ಚಿದ ಮೇಣದಬತ್ತಿಯ ಮಸಿಗೂ 50,000 ವರ್ಷಕ್ಕಿಂತ ಹಳೆಯದು ಅಂತಲೇ ಉತ್ತರ ಬಂದೀತು. ತೆಂಗಿನೆಣ್ಣೆ ದೀಪದ ಮಸಿಯಾದರೆ ಪ್ರಯತ್ನಿಸಬಹುದು. ಆದರೂ 1650ರಿಂದ ಈಚಿನ ಮುನ್ನೂರು ವರ್ಷದಲ್ಲಿ ಗಾಳಿಯ ಕಾರ್ಬನ್-14 ಏರಿಳಿದ ಕಾರಣ ಒಂದೇ ಅಳತೆಗೆ ಮೂರು ನಾಲ್ಕು ಬೇರೆ ಬೇರೆ ಕಾಲ ಹೊಂದುತ್ತದೆ. ಸುರಂಗದ ವಯಸ್ಸಿಗೆ ಹಳೇ ಜಾಗದ ಕಾಗದ ಮತ್ತು ಅದನ್ನು ಅಗೆದವರ ಮಕ್ಕಳ ನೆನಪು ಇದಕ್ಕಿಂತ ಒಳ್ಳೆಯ ಸಾಕ್ಷಿ. ಅವರಲ್ಲಿ ಕೆಲವರು ಇನ್ನೂ ಇದ್ದಾರೆ. ಈ ಮಳೆಗಾಲ ಕಳೆಯುವುದರೊಳಗೆ ಹೋಗಿ ಕೇಳಿ ಬರೆದುಕೊಳ್ಳಿ.